ಕುದುರೆಮುಖ ಅಂತ ನೀರಿನ ಟ್ಯಾಂಕ್ ಹತ್ತಿಸಿದ: ಫೋಟೋ ಟೂರ್‌ಗೆ ಅಡ್ವಾನ್ಸ್ ಕಟ್ಟೋ ಮುಂಚೆ ಓದಿ

ಮೊದಲೇ ಹೇಳಿಬಿಡುತ್ತೇನೆ. 18,000 ರೂಪಾಯಿ ಹೋಯಿತು. ವಾಪಸ್ ಬಂದಿಲ್ಲ. ಬರುತ್ತೆ ಅನ್ನೋ ಆಸೆಯೂ ಉಳಿದಿಲ್ಲ. ಆದರೆ ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುತ್ತಿರುವುದು ಬೇರೆ ಕಾರಣಕ್ಕೆ. ನಾನು ಹಾಸನದವನು. ಚಿಕ್ಕಮಗಳೂರು ನನಗೆ ಪರ ಊರಲ್ಲ, ಬೇಲೂರು ದಾಟಿದರೆ ಬಂತು. ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ಓಡುವವರು ಮೋಸ ಹೋದರೆ ಪಾಪ, ಗೊತ್ತಿರಲಿಲ್ಲ ಅನ್ನಬಹುದು. ನನಗೆ ಎಲ್ಲಾ ಗೊತ್ತಿತ್ತು. ಎಲ್ಲಾ ಗೊತ್ತಿದ್ದೂ ಕಟ್ಟಿದೆ.

ಪ್ರತಿ ವರ್ಷ ದಸರಾ ರಜೆಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಎಲ್ಲಾದರೂ ಹೊರಡುವುದು ನನ್ನ ರೂಢಿ. ಮಲೆನಾಡಿನ ಗುಡ್ಡಗಳಿಗೆ ಅದೇ ಸರಿಯಾದ ಹೊತ್ತು. ಮಳೆಯ ಜೋರು ಇಳಿದಿರುತ್ತದೆ, ಹುಲ್ಲು ಇನ್ನೂ ಒಣಗಿರುವುದಿಲ್ಲ. ಕಣಿವೆಯಲ್ಲಿ ಶೋಲಾ ಕಾಡಿನ ಕಪ್ಪು ಹಸಿರು, ನೆತ್ತಿಯ ಮೇಲೆ ಹುಲ್ಲಿನ ತಿಳಿ ಹಸಿರು, ಮಧ್ಯೆ ಮಂಜು. ಡಿಸೆಂಬರ್ ಹೊತ್ತಿಗೆ ಅದೇ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. ಅದೂ ಚಂದವೇ, ಆದರೆ ಆ ಎರಡು ಹಸಿರು ಒಟ್ಟಿಗೆ ಸಿಗುವುದು ಈ ಕೆಲವೇ ವಾರ. ಈ ಸಲ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೇ ಹೋಗಬೇಕು ಅಂತ ಆಗಸ್ಟ್‌ನಿಂದ ಅಂದುಕೊಂಡಿದ್ದೆ. ಪರೀಕ್ಷೆ, ಪೇಪರ್ ತಿದ್ದೋದು, ಅದು ಇದು ಅಂತ ನಾನು ಕಣ್ಣು ಬಿಡುವಷ್ಟರಲ್ಲಿ ರಜೆಯ ದಿನಗಳ ಚಾರಣದ ಟಿಕೆಟ್ ಖಾಲಿ. ದಿನಕ್ಕೆ 300 ಜನಕ್ಕೆ ಮಾತ್ರ ಬಿಡುತ್ತಾರೆ, ಬುಕಿಂಗ್ ಪೂರ್ತಿ ಆನ್‌ಲೈನ್. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಆಗ ಬಂತು ಆ ಪೋಸ್ಟರ್. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದು. ಶರತ್ಕಾಲದ ಕುದುರೆಮುಖ, ಫೋಟೋಗ್ರಾಫರ್‌ಗಳಿಗೆ ಮಾತ್ರ, ಎರಡು ರಾತ್ರಿ ಮೂರು ದಿನ, ತಲೆಗೆ 7,200. ಹಿಂದೆ ಪೂರ್ತಿ ಗುಡ್ಡ ನೀಲಿಯಾಗಿ ಹೂ ಬಿಟ್ಟ ಫೋಟೋ. ಕೆಳಗೆ ಕುರಿಂಜಿ ದರ್ಶನ, ಶಿಖರದ ಮೇಲೆ ಸೂರ್ಯೋದಯ, ಡ್ರೋನ್ ಶಾಟ್.

ಈ ಸಾಲುಗಳನ್ನು ಇನ್ನೊಮ್ಮೆ ಓದಿ. ಶಿಖರದ ಮೇಲೆ ಸೂರ್ಯೋದಯ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಹತ್ತಿ ಇಳಿಯಲು ಹೆಚ್ಚುಕಮ್ಮಿ 20 ಕಿಲೋಮೀಟರ್ ಆಗುತ್ತದೆ. ಹತ್ತುವುದಕ್ಕೇ ನಾಲ್ಕು ಗಂಟೆ ಬೇಕು. ಕಾಡಿನಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಮತ್ತೆ ಸೂರ್ಯ ಹುಟ್ಟೋ ಹೊತ್ತಿಗೆ ತುದಿಯಲ್ಲಿ ಇರೋದು ಹೇಗೆ? ರಾತ್ರಿ ಎರಡಕ್ಕೆ ಹೊರಡಬೇಕು. ಯಾರು ಬಿಡುತ್ತಾರೆ? ರಾಷ್ಟ್ರೀಯ ಉದ್ಯಾನದಲ್ಲಿ ಡ್ರೋನ್ ಬೇರೆ! ಕಾಲೇಜಿನ ಟೈಮ್‌ಟೇಬಲ್‌ನಲ್ಲಿ ಹತ್ತು ನಿಮಿಷ ಹೆಚ್ಚುಕಮ್ಮಿ ಆದರೆ ಪ್ರಿನ್ಸಿಪಾಲರ ಹತ್ತಿರ ಜಗಳಕ್ಕೆ ಹೋಗುವವನು ನಾನು. ಇಲ್ಲಿ ಲೆಕ್ಕವನ್ನೇ ಹಾಕಲಿಲ್ಲ.

ಇಲ್ಲ, ಸುಳ್ಳು ಹೇಳಬಾರದು. ಹಾಕಿದ್ದೆ. ಟೂರ್ ಮಾಡಿಸೋನಿಗೆ ಫೋನ್ ಮಾಡಿ ಕೇಳಿದ್ದೆ ಕೂಡ.

"ಅದು ಪಬ್ಲಿಕ್‌ಗೆ ಸರ್. ನಮ್ದು ಫೋಟೋಗ್ರಫಿ ಗ್ರೂಪ್, ನಮಗೆ ಬೇರೆ ಪರ್ಮಿಷನ್."

ನಾನು ಪಬ್ಲಿಕ್ ಅಲ್ಲ ಅಂದುಬಿಟ್ಟ ನೋಡಿ, ಅಲ್ಲೇ ನಾನು ಬಿದ್ದೆ. ಆಮೇಲೆ ನಿಮ್ಮ ಹತ್ತಿರ ಯಾವ ಲೆನ್ಸ್ ಇದೆ ಸರ್ ಅಂದ. 70-200 ಅಂದೆ. "ಸೂಪರ್ ಸರ್, ಪದರ ಪದರ ಗುಡ್ಡಗಳಿಗೆ ಅದೇ ಬೇಕು, ಪೋಲರೈಸರ್ ಮರೀಬೇಡಿ" ಅಂದ. ಕ್ಯಾಮೆರಾ ಗೊತ್ತಿರೋನು ಮೋಸ ಮಾಡಲ್ಲ ಅಂತ ಅದ್ಯಾವ ದೇವರು ನನ್ನ ತಲೆಗೆ ಹಾಕಿದನೋ. ನಾನು, ಇಬ್ಬರು ಸಹೋದ್ಯೋಗಿಗಳು, ಅವರಲ್ಲೊಬ್ಬರ ತಮ್ಮ, ನನ್ನ ಅಕ್ಕನ ಮಗ, ಒಟ್ಟು ಐದು ಜನ. 36,000ಕ್ಕೆ ಅರ್ಧ, 18,000 ಫೋನ್‌ಪೇ ಮಾಡಿದೆ. ನನ್ನ ಅಕೌಂಟಿನಿಂದಲೇ. ಮಾಡಿದ್ದು ಯಾರ ಹೆಸರಿಗೆ ಅಂತ ನೋಡಿದರೆ ಬೇರೆ ಯಾರದೋ ಹೆಸರು. "ಅಕೌಂಟೆಂಟ್ ಸರ್." ಸರಿ ಅಂದೆ.

ಟಿಕೆಟ್ ಅಂತ ಒಂದು ಸ್ಕ್ರೀನ್‌ಶಾಟ್ ಬಂತು. ಕ್ಯೂಆರ್ ಕೋಡ್ ಇತ್ತು, ನಮ್ಮ ಯಾರ ಹೆಸರೂ ಇರಲಿಲ್ಲ. "ಗ್ರೂಪ್ ಟಿಕೆಟ್ ಸರ್, ಲೀಡರ್ ಹೆಸರು ಒಂದೇ ಬರುತ್ತೆ. ಟೆನ್ಷನ್ ತಗೋಬೇಡಿ." ಅವನ ಬಾಯಲ್ಲಿ ಟೆನ್ಷನ್ ತಗೋಬೇಡಿ ಎಷ್ಟು ಸಲ ಬಂತು ಅಂತ ಈಗ ಚಾಟ್‌ನಲ್ಲಿ ಎಣಿಸಿದೆ. ಹದಿನಾಲ್ಕು ಸಲ.

ಹೋಗೋ ದಾರಿಯಲ್ಲಿ ಏನೂ ತೊಂದರೆ ಇರಲಿಲ್ಲ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ, ಕಳಸ. ಹೋಮ್‌ಸ್ಟೇ ಪೋಸ್ಟರ್‌ನಲ್ಲಿ ಇದ್ದದ್ದಲ್ಲ, ಆದರೆ ಊಟ ಚೆನ್ನಾಗಿತ್ತು, ಮನೆಯವರು ಒಳ್ಳೆಯವರು. ಇವನು ಮಾತ್ರ ಇಲ್ಲ. "ಇನ್ನೊಂದು ಗ್ರೂಪ್ ಜೊತೆ ಇದೀನಿ ಸರ್, ಬೆಳಿಗ್ಗೆ ಜೀಪ್ ಬರುತ್ತೆ." ಮೂರೂವರೆಗೆ ಎದ್ದು ಶೂ ಕಟ್ಟಿಕೊಂಡು ಕೂತೆವು. ಜೀಪ್ ಬಂದಿದ್ದು ಏಳೂವರೆಗೆ. ಸೂರ್ಯೋದಯ ಹೋಮ್‌ಸ್ಟೇ ಅಂಗಳದಲ್ಲೇ ಆಯಿತು, ಸಗಣಿ ಗುಂಡಿಯ ಆಚೆ.

ಸಂಸೆ ದಾಟಿ ಮುಳ್ಳೋಡಿಯ ಆ ಕಲ್ಲು ರಸ್ತೆಯಲ್ಲಿ ಕುಲುಕಾಡಿಕೊಂಡು ಗೇಟಿಗೆ ಹೋದೆವು. ಅಲ್ಲಿ ಆಧಾರ್ ನೋಡುತ್ತಾರೆ, ಹೆಸರನ್ನು ಲಿಸ್ಟ್‌ಗೆ ತಾಳೆ ಹಾಕುತ್ತಾರೆ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಇದೆಯಾ ಅಂತ ಹುಡುಕುತ್ತಾರೆ. ಗಾರ್ಡ್ ನನ್ನ ಫೋನ್ ತಗೊಂಡರು. ಸ್ಕ್ಯಾನ್ ಮಾಡಿದರು. ಇನ್ನೊಮ್ಮೆ ಮಾಡಿದರು. ನನ್ನ ಮುಖ ನೋಡಿದರು.

"ಸರ್, ಇದು ಹೋದ ಭಾನುವಾರದ್ದು. ನಾಲ್ಕು ಜನದ್ದು. ಈ ಹೆಸರಿನವರು ಬಂದು ಹತ್ತಿ ಹೋಗಿಯೂ ಆಯ್ತು. ತಾರೀಖು ತಿದ್ದಿದಾರೆ ನೋಡಿ ಇಲ್ಲಿ."

ನೋಡಿದೆ. ತಾರೀಖಿನ ಅಂಕಿಗಳು ಉಳಿದ ಅಕ್ಷರಕ್ಕಿಂತ ಒಂಚೂರು ದಪ್ಪ ಇದ್ದವು. ಎರಡು ವಾರದಿಂದ ಆ ಸ್ಕ್ರೀನ್‌ಶಾಟ್ ನನ್ನ ಫೋನ್‌ನಲ್ಲೇ ಇತ್ತು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಅಂಕ ತಿದ್ದಿದರೆ ಹತ್ತು ಅಡಿ ದೂರದಿಂದ ಹಿಡಿಯುತ್ತೇನೆ ಅಂತ ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚುವವನು ನಾನು.

ಅಷ್ಟರಲ್ಲಿ ಹಿಂದಿನಿಂದ "ಸರ್, ನೀವಾ?" ಅಂತ ದನಿ. ನನ್ನ ಹಳೆಯ ವಿದ್ಯಾರ್ಥಿನಿ. ಗೆಳತಿಯರ ಜೊತೆ ಬಂದಿದ್ದಾಳೆ. "ನಾವು ತಿಂಗಳ ಹಿಂದೆನೇ ಆನ್‌ಲೈನ್‌ನಲ್ಲಿ ಮಾಡಿದ್ವಿ ಸರ್, ಐದು ನಿಮಿಷದ ಕೆಲಸ" ಅಂದಳು. ಪಾಪ, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವರೆಲ್ಲ ಹೆಸರು ಹೇಳಿ ಒಳಗೆ ಹೋದರು. ನಾನು ಟ್ರೈಪಾಡ್ ಹಿಡಿದುಕೊಂಡು ಗೇಟಿನ ಈಚೆ ನಿಂತಿದ್ದೆ. ಆ ಹತ್ತು ನಿಮಿಷ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಗಾರ್ಡ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೂರಿಸಿ ನೀರು ಕೊಟ್ಟರು. ಬಿಡೋಕೆ ಆಗಲ್ಲ ಸರ್ ಅಂದರು, ಬಿಡಲೂ ಬಾರದು.

ಜೀಪ್ ಡ್ರೈವರ್ ಫೋನ್ ಹಿಡಿದು ಎಲ್ಲೋ ಸಿಗ್ನಲ್ ಹುಡುಕಿ ಅವನನ್ನು ಲೈನಿಗೆ ತಂದ. ಅವನ ಮಾತು ಇದ್ದದ್ದು ಇದ್ದ ಹಾಗೆ ಕೇಳಿ.

"ಹೌದಾ ಸರ್? ಸಿಸ್ಟಮ್ ಪ್ರಾಬ್ಲಮ್ ಇರಬೇಕು."

ತಾರೀಖು ತಿದ್ದಿದ್ದೂ ಸಿಸ್ಟಮ್ಮಾ ಅಂದೆ.

"ಸರ್, ನೀವು ಎಜುಕೇಟೆಡ್, ಹಿಂಗೆಲ್ಲಾ ಮಾತಾಡಬಾರದು. ನಾನು ಬೇರೆ ಪಾಯಿಂಟ್ ಅರೇಂಜ್ ಮಾಡ್ತೀನಿ. ಅದಕ್ಕಿಂತ ಒಳ್ಳೇದು."

ಬೇರೆ ಪಾಯಿಂಟ್ ಅಂದರೆ ಯಾವುದೋ ಕಾಫಿ ಎಸ್ಟೇಟು. ಒಳಗೆ ಹೋಗಲು ತಲೆಗೆ 200 ಮತ್ತೆ ನಮ್ಮ ಕೈಯಿಂದಲೇ. ದಾರಿಯುದ್ದಕ್ಕೂ ರಕ್ತ ಹೀರುವ ಇಂಬಳ. ತುದಿಯಲ್ಲಿ ಒಂದು ಸಿಮೆಂಟ್ ನೀರಿನ ಟ್ಯಾಂಕ್, ಅದಕ್ಕೊಂದು ಕಬ್ಬಿಣದ ಏಣಿ. ಹತ್ತಿ ಸರ್, ಮೇಲಿಂದ ವ್ಯೂ ಬರುತ್ತೆ ಅಂದ ಡ್ರೈವರ್. ಹತ್ತಿದೆವು. ಐವತ್ತರ ಹತ್ತಿರದ ಮೂವರು ಮೇಷ್ಟ್ರು, ಬೆನ್ನಿಗೆ ಆರು ಕೆಜಿ ಸಾಮಾನು, ನೀರಿನ ಟ್ಯಾಂಕ್ ಮೇಲೆ. ದೂರದಲ್ಲಿ ಗುಡ್ಡದ ಸಾಲು ಕಾಣಿಸುತ್ತಿತ್ತು, ಮುಂದೆ ಸಿಲ್ವರ್ ಓಕ್ ಮರಗಳು, ಮಧ್ಯೆ ಕರೆಂಟ್ ತಂತಿ. ಆಗ ಮತ್ತೆ ಅವನ ಫೋನ್.

"ಇದೂ ಕುದುರೆಮುಖ ರೇಂಜೇ ಸರ್. ಲೈಟ್ ಎಲ್ಲಾ ಕಡೆ ಒಂದೇ ಅಲ್ವಾ?"

ಲೈಟ್ ಎಲ್ಲಾ ಕಡೆ ಒಂದೇ ಅಂತೆ! ಮೂವತ್ತು ವರ್ಷದಿಂದ ಕ್ಯಾಮೆರಾ ಹಿಡಿದವನಿಗೆ ಈ ಮಾತು. ಹನ್ನೊಂದು ಗಂಟೆಯ ಬಿಸಿಲಲ್ಲಿ.

ಕುರಿಂಜಿ ಎಲ್ಲಪ್ಪಾ ಅಂದೆ. "ಈ ಸಲ ಮಳೆ ಜಾಸ್ತಿ ಆಯ್ತಲ್ವಾ ಸರ್, ಹೋದ ವಾರ ಎಲ್ಲಾ ಉದುರಿತು."

ಅಕ್ಕನ ಮಗ ಅಲ್ಲೇ ಟ್ಯಾಂಕ್ ಮೇಲೆ ಕೂತು ಪೋಸ್ಟರ್ ದೊಡ್ಡದು ಮಾಡಿ ನೋಡುತ್ತಿದ್ದ. "ಮಾವ, ಈ ರೋಡ್ ನೋಡು" ಅಂದ. ನೀಲಿ ಗುಡ್ಡದ ಮೂಲೆಯಲ್ಲಿ ಒಂದು ತಿರುವು, ಸಾಲಾಗಿ ನಿಂತ ಕಾರುಗಳು. ಬಾಬಾಬುಡನ್‌ಗಿರಿ ರಸ್ತೆ! 2022ರಲ್ಲಿ ಅಲ್ಲಿನ ಚಂದ್ರದ್ರೋಣದ ಗುಡ್ಡಗಳು ಕುರಿಂಜಿಯಿಂದ ನೀಲಿಯಾದಾಗ ನಾನೇ ಇವನನ್ನು ಕರೆದುಕೊಂಡು ಹೋಗಿದ್ದೆ. ಅದೇ ತಿರುವಿನಲ್ಲಿ ಮೂರು ಗಂಟೆ ಟ್ರಾಫಿಕ್‌ನಲ್ಲಿ ಕೂತಿದ್ದೆವು. ಆ ಹೂವು ವರ್ಷ ವರ್ಷ ಬಿಡುವುದಲ್ಲ, ಒಮ್ಮೆ ಬಿಟ್ಟರೆ ಹಲವು ವರ್ಷ ಕಾಯಬೇಕು. ಅದೂ ಗೊತ್ತಿತ್ತು ನನಗೆ. ಈ ಫೋಟೋವನ್ನು ಎರಡು ವಾರ ನೋಡಿದ್ದೇನೆ, ಹೆಂಡತಿಗೂ ತೋರಿಸಿ ಹೊಟ್ಟೆ ಉರಿಸಿದ್ದೇನೆ.

ಕೊನೆಗೆ ಡ್ರೈವರ್, ಬಂದಿದ್ದಕ್ಕೆ ಒಂದು ಗ್ರೂಪ್ ಫೋಟೋ ಸರ್ ಅಂದ. ಬೇಡ ಅನ್ನೋಕೆ ಮನಸ್ಸಾಗಲಿಲ್ಲ, ಅವನದೇನು ತಪ್ಪು ಅಂತ. ನಿಂತೆವು.

ಸಂಜೆ ಹೋಮ್‌ಸ್ಟೇ ಯಜಮಾನರು ತಲೆ ಕೆರೆದುಕೊಂಡು ಬಂದರು. ಅವರಿಗೆ ಒಂದು ರೂಪಾಯಿಯೂ ಬಂದಿಲ್ಲ. 6,500 ಅವರಿಗೆ ಕೊಟ್ಟೆವು, ಜೀಪಿಗೆ 2,500. ಮೂರನೇ ದಿನ ಬೇಡವೇ ಬೇಡ ಅಂತ ಹಾಸನಕ್ಕೆ ವಾಪಸ್. ದುಡ್ಡು ಕೇಳಿದರೆ ಅವನು ಏನಂದ ಗೊತ್ತಾ? "ಹೋಮ್‌ಸ್ಟೇಗೆ ಕಟ್ಟಿಬಿಟ್ಟಿದೀನಿ ಸರ್, ಅವರು ರಿಟರ್ನ್ ಮಾಡಿದ ತಕ್ಷಣ ಹಾಕ್ತೀನಿ." ಅವರ ಪಕ್ಕದಲ್ಲೇ ಕೂತಿದೀನಿ ಕಣಯ್ಯಾ ಅಂದೆ. ಲೈನ್ ಕಟ್ ಆಯಿತು. ಆಮೇಲೆ ಮೆಸೇಜ್: ಸೋಮವಾರ ಹಾಕ್ತೀನಿ. ಸೋಮವಾರ: ಬ್ಯಾಂಕ್ ರಜೆ. ಅಂದು ಯಾವ ರಜೆಯೂ ಇರಲಿಲ್ಲ. ಆಮೇಲೆ: "ಸರ್ ನೀವು ಟೂರ್ ಮುಗಿಸಿದೀರಿ, ವ್ಯೂ ನೋಡಿದೀರಿ, ಈಗ ರೀಫಂಡ್ ಕೇಳೋದು ಧರ್ಮಾನಾ?" ಅದಾದ ಮೇಲೆ ಅವನ ಡಿಪಿ ಕಾಣುತ್ತಿಲ್ಲ.

ಮನೆಯಲ್ಲಿ ಹೇಳಿದರೆ ಇವಳು, "ರೀ, ಸಂತೇಲಿ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಬಿಡಿಸೋಕೆ ಕಾಲು ಗಂಟೆ ನಿಲ್ತೀರಿ" ಅಂದಳು. ಅಷ್ಟೇ. ಮುಂದೆ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಸೈಬರ್ ದೂರಿಗೆ 1930ಕ್ಕೆ ಫೋನ್ ಮಾಡಿದ್ದೇನೆ. ಮುಳ್ಳಯ್ಯನಗಿರಿಯ ಎತ್ತರವೂ 1,930 ಮೀಟರ್. ಅಕ್ಕನ ಮಗ ಇದನ್ನು ಹೇಳಿ ನಕ್ಕ, ನನಗೆ ನಗು ಬರಲಿಲ್ಲ. ನೀವು ಮೋಸ ಹೋದರೆ ನನ್ನ ಹಾಗೆ ಸೋಮವಾರಗಳನ್ನು ಕಾಯಬೇಡಿ, ಗೊತ್ತಾದ ಗಳಿಗೆಯಲ್ಲೇ ಮಾಡಿ. ನಾನು ಹನ್ನೆರಡು ದಿನ ತಡ ಮಾಡಿದೆ.

ಟಿಕೆಟ್ ನೀವೇ ಮಾಡಿ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಅನ್ನೋ ತಾಣದಲ್ಲಿ, ನಿಮ್ಮ ಹೆಸರಲ್ಲಿ, ನಿಮ್ಮ ಫೋನ್ ನಂಬರಿಗೆ. ಖಾಲಿ ಅಂದರೆ ಖಾಲಿ, ಬೇರೆ ಬಾಗಿಲು ಇಲ್ಲ. ಸ್ಪೆಷಲ್ ಪರ್ಮಿಷನ್ ಅಂದವನ ಫೋನ್ ಅಲ್ಲೇ ಇಡಿ. ಲೆನ್ಸ್ ಯಾವುದು ಸರ್ ಅಂತ ಕೇಳಿದರೆ ಇನ್ನೂ ಬೇಗ ಇಡಿ.

ಇಷ್ಟು ಬರೆಯುವ ಯೋಚನೆ ಇರಲಿಲ್ಲ. ಮಾನ ಮುಚ್ಚಿಕೊಂಡು ಸುಮ್ನೆ ಇರೋಣ ಅಂತಲೇ ಇದ್ದೆ. ಆದರೆ ಮೊನ್ನೆ ಅದೇ ಪೋಸ್ಟರ್ ಮತ್ತೆ ಬಂತು, ಈ ಸಲ ಡಿಸೆಂಬರ್ ತಾರೀಖು. ಹೊನ್ನಿನ ಹುಲ್ಲಿನ ಕುದುರೆಮುಖ ಅಂತೆ. ನೀಲಿ ಹೂವು ಮಾತ್ರ ಹಾಗೇ ಇದೆ. ಅದರ ಕೆಳಗೆ, ನಮ್ಮ ಸಂತೃಪ್ತ ಗ್ರಾಹಕರು ಅಂತ, ಐದು ಜನ ನೀರಿನ ಟ್ಯಾಂಕ್ ಮೇಲೆ ನಿಂತ ಫೋಟೋ. ಟ್ಯಾಂಕ್ ಕತ್ತರಿಸಿ ತೆಗೆದಿದ್ದಾನೆ, ನಾವು ಯಾವುದೋ ಶಿಖರದ ಮೇಲೆ ಇದ್ದ ಹಾಗೆ ಕಾಣುತ್ತೇವೆ. ಎಡಗಡೆಯಿಂದ ಎರಡನೆಯವನು, ಕನ್ನಡಕ, ಕೈಯಲ್ಲಿ ಟ್ರೈಪಾಡ್, ಅದು ನಾನು. ನಗುತ್ತಿರುವ ಹಾಗೆ ಕಾಣುತ್ತದೆ. ನಾನು ನಗುತ್ತಿಲ್ಲ. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು.