ವೈರ್‌ಗಾರ್ಡ್: ವೇಗಕ್ಕೆ ಕೊರತೆಯಿಲ್ಲ, ಬಾಯಿ ಮಾತ್ರ ಬಿಡಲ್ಲ

ಆಫೀಸಿನ ಕಂಪ್ಯೂಟರನ್ನು ಮನೆಯಿಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ತೆರೆಯಲು ನಮ್ಮವರೆಲ್ಲ ಬಳಸುವುದು ವೈರ್‌ಗಾರ್ಡ್ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೆ ಆಫೀಸ್ ನೆಟ್‌ವರ್ಕಿಗೆ ಗುಪ್ತ ಸುರಂಗ (ಟನಲ್) ಹಾಕಿಕೊಡುವ ಸಾಫ್ಟ್‌ವೇರ್. ಕನೆಕ್ಟ್ ಆಗದಿದ್ದರೆ ಫೋನ್ ಬರುವುದು ನನಗೆ. ಹಾಗಾಗಿ ಇದು ರಿಪೇರಿ ಮಾಡುವವನ ವಿಮರ್ಶೆ.

ಮೊದಲು ಹೊಗಳಿಬಿಡುತ್ತೇನೆ. ಉಚಿತ. 2020ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಸೇರಿಕೊಂಡಿದೆ. ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾದರೂ ಟನಲ್ ತಾನೇ ಸರಿಹೋಗುತ್ತದೆ, ಮತ್ತೆ ಪಾಸ್‌ವರ್ಡ್ ಹಾಕುವ ರಗಳೆಯಿಲ್ಲ. ವಿಪಿಎನ್ ಯಾಕೆ, ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಾದ 3389 ಪೋರ್ಟನ್ನೇ ಇಂಟರ್ನೆಟ್ಟಿಗೆ ತೆರೆದುಬಿಡೋಣ ಅನ್ನುವವರು ಈಗಲೂ ಸಿಗುತ್ತಾರೆ. ಪಾಸ್‌ವರ್ಡ್ ಇಲ್ಲದೆಯೂ ರಿಮೋಟ್ ಡೆಸ್ಕ್‌ಟಾಪಿನಿಂದ ನುಗ್ಗಲು ಬಿಡುತ್ತಿದ್ದ 2019ರ ಬ್ಲೂಕೀಪ್ ದೋಷ ಬಯಲಾದಮೇಲೂ ಆ ಧೈರ್ಯ ಎಲ್ಲಿಂದ ಬರುತ್ತದೋ!

ತಕರಾರು ಇರುವುದು ಆ್ಯಪ್ ತೋರಿಸುವ ಹಸಿರು ‘ಆಕ್ಟಿವ್’ ಬಗ್ಗೆ. ಗುರುತಿನ ಕೀ ತಪ್ಪಿದ್ದರೂ ಹಸಿರು, ವೈರ್‌ಗಾರ್ಡ್ ಓಡಾಡುವ ಯುಡಿಪಿ 51820 ಪೋರ್ಟನ್ನು (ಯುಡಿಪಿ ಅಂದರೆ ತಲುಪಿತೇ ಎಂದು ಕಾಯದೆ ಡೇಟಾ ಕಳಿಸುವ ವಿಧಾನ) ಫೈರ್‌ವಾಲ್ ತಡೆದಿದ್ದರೂ ಹಸಿರು. ಗುರುತಿಲ್ಲದವರು ಬಾಗಿಲು ತಟ್ಟಿದರೆ ಮನೆಯಲ್ಲಿ ಯಾರೂ ಇಲ್ಲದಂತೆ ಸುಮ್ಮನಿರುವುದೇ ಸರ್ವರಿನ ಸುರಕ್ಷತೆ, ಒಪ್ಪಿದೆ. ಆದರೆ ನಮ್ಮವರಿಗೂ ಏನೂ ತಿಳಿಯುವುದಿಲ್ಲವಲ್ಲ! ಅದಕ್ಕೇ ಫೋನ್ ಬಂದ ಕೂಡಲೇ ನಾನು ಕೇಳುವುದು ಒಂದೇ: ಕೆಳಗೆ ‘ಲೇಟೆಸ್ಟ್ ಹ್ಯಾಂಡ್‌ಶೇಕ್’ (ಸರ್ವರಿನೊಂದಿಗೆ ಕೊನೆಯ ಸಲ ಕೈಕುಲುಕಿದ್ದು ಯಾವಾಗ) ಅನ್ನುವ ಸಾಲು ಇದೆಯಾ? ಇಲ್ಲವೆಂದರೆ ರಿಮೋಟ್ ಡೆಸ್ಕ್‌ಟಾಪಿನ ಸೆಟ್ಟಿಂಗ್ ಮುಟ್ಟುವುದು ದಂಡ.

ಸಾಲು ಇದೆ, ಆದರೂ ಪರದೆ ಬರುತ್ತಿಲ್ಲವೆಂದರೆ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಓಡಿಸಿ 3389 ಸಿಗುತ್ತದೋ ನೋಡುತ್ತೇನೆ. ಪಿಂಗ್ ಹೋಗುತ್ತದೆ, ಪೋರ್ಟ್ ಮಾತ್ರ ‘ಫಾಲ್ಸ್’ ಅಂದರೆ ನನ್ನ ಮೊದಲ ಅನುಮಾನ ಆಫೀಸಿನ ಕಂಪ್ಯೂಟರಿನ ವಿಂಡೋಸ್ ಫೈರ್‌ವಾಲ್ ಮೇಲೆ. ರೂಲ್ ಆನ್ ಇದ್ದರೂ ಅದರ ಸ್ಕೋಪ್ (ಯಾರಿಗೆ ಪ್ರವೇಶ ಅನ್ನುವುದು) ‘ಲೋಕಲ್ ಸಬ್‌ನೆಟ್’ಗೆ, ಅಂದರೆ ಆಫೀಸಿನದೇ ವಿಳಾಸಗಳ ಗುಂಪಿಗೆ, ಸೀಮಿತವಾಗಿರಬಹುದು, ವಿಪಿಎನ್‌ನಿಂದ ಬರುವವರ ವಿಳಾಸ ಬೇರೆ ಸಬ್‌ನೆಟ್ಟಿನದು. ಮನೆಯ ರೂಟರೂ ಆಫೀಸಿನದೂ ಎರಡೂ ಕೊಡುವ ವಿಳಾಸ 192.168.1ರಿಂದಲೇ ಶುರುವಾಗುತ್ತಿದ್ದರೆ ಇನ್ನೊಂದು ತಲೆನೋವು: ಪ್ಯಾಕೆಟ್ (ಡೇಟಾದ ತುಣುಕು) ಟನಲ್ಲಿಗೇ ಹೋಗದೆ ಮನೆಯೊಳಗೇ ಸುತ್ತುತ್ತಿರುತ್ತದೆ.

ಎಲ್ಲಕ್ಕಿಂತ ಕಾಡುವುದು ಕಪ್ಪು ಪರದೆ. ಲಾಗಿನ್ ಆಗುತ್ತದೆ, ಕಪ್ಪಾಗುತ್ತದೆ, ಸ್ವಲ್ಪ ಹೊತ್ತಿಗೆ ಕಡಿದುಹೋಗುತ್ತದೆ. ಸಣ್ಣ ಪ್ಯಾಕೆಟ್ ದಾಟಿ ದೊಡ್ಡವು ದಾರಿಯಲ್ಲೇ ಬಿದ್ದುಹೋದರೂ ಹೀಗಾಗುತ್ತದೆ. ವೈರ್‌ಗಾರ್ಡ್‌ನಲ್ಲಿ ಸಾಮಾನ್ಯವಾಗಿ 1420 ಬೈಟ್ ಇರುವ ಎಂಟಿಯುವನ್ನು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ವಿಂಡೋಸಿನ ಗ್ರೂಪ್ ಪಾಲಿಸಿ ಸೆಟ್ಟಿಂಗಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕ್ಲೈಂಟ್‌ನ ಯುಡಿಪಿ ಆಫ್ ಮಾಡಿ, ತಲುಪಿತೇ ಎಂದು ಖಚಿತಪಡಿಸಿಕೊಳ್ಳುವ ಟಿಸಿಪಿ ಒಂದರಲ್ಲೇ ಓಡಲಿ.

ಐದಕ್ಕೆ ನಾಲ್ಕು ಸ್ಟಾರ್. ಒಂದನ್ನು ಹಿಡಿದಿಟ್ಟಿದ್ದು ಆ ಹಸಿರಿಗಲ್ಲ; ವೈರ್‌ಗಾರ್ಡ್‌ಗೆ ಟಿಸಿಪಿ ದಾರಿಯೇ ಇಲ್ಲ ಅನ್ನುವುದಕ್ಕೆ. ಯುಡಿಪಿಯನ್ನೇ ಮುಚ್ಚಿಟ್ಟ ವೈಫೈ ಸಿಕ್ಕಿದರೆ ಏನು ಮಾಡಿದರೂ ಹ್ಯಾಂಡ್‌ಶೇಕ್ ಬರದು. ಅಂಥ ಕಡೆ ಓಡಾಡುವವರ ಲ್ಯಾಪ್‌ಟಾಪಿಗೆ ವೆಬ್‌ಸೈಟ್‌ಗಳು ಬಳಸುವ ಟಿಸಿಪಿ 443 ಪೋರ್ಟಿನಲ್ಲೇ ಓಡುವ ಓಪನ್‌ವಿಪಿಎನ್ ಅನ್ನೂ ಹಾಕಿಕೊಟ್ಟಿದ್ದೇನೆ. ನಿಧಾನ, ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ.