ಎಂಜಿನ್ ಚೂರು, ಲೋಹದ ತಗಡು ಮತ್ತು ಎಲ್‌ಎಸ್-ಡೈನಾ

ವಿಮಾನದ ಎಂಜಿನ್ ಒಳಗಿನ ಫ್ಯಾನ್ ಬ್ಲೇಡಿನ ಚೂರು ಬಡಿದರೆ ಅಲ್ಯುಮಿನಿಯಂ ತಗಡು ತೂತಾಗುತ್ತದಾ, ಬರೀ ತಗ್ಗಾಗುತ್ತದಾ? ಇದನ್ನು ಲೆಕ್ಕ ಹಾಕಲು, ಹೊಡೆತಗಳನ್ನು ಕಂಪ್ಯೂಟರ್‌ನಲ್ಲೇ ಅನುಕರಿಸುವ ಎಲ್‌ಎಸ್-ಡೈನಾ ಹಿಡಿದು ಕೂತಿದ್ದೆ. ಸಾಫ್ಟ್‌ವೇರ್ ಚೆನ್ನಾಗಿದೆ, ಎರಡು ಮಾತಿಲ್ಲ. 1970ರ ದಶಕದಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ಡೈನಾ3ಡಿ ಎಂಬ ಪ್ರೋಗ್ರಾಂನ ಮರಿ ಇದು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಹೊಡೆತಗಳೇ ಇದರ ಕಸುಬು.

ನನಗೆ ಕೈ ಕೊಟ್ಟಿದ್ದು ನನ್ನದೇ ಅವಸರ. ಹೊಡೆತಕ್ಕೆ ಲೋಹ ಹೇಗೆ ಬಾಗಿ ಮುರಿಯುತ್ತದೆ ಎಂದು ಹೇಳುವ ಜಾನ್ಸನ್-ಕುಕ್ ಮಾದರಿಗೆ ಲೋಹದ ಗಟ್ಟಿತನದ 5 ಸಂಖ್ಯೆ, ಮುರಿಯುವುದಕ್ಕೆ ಇನ್ನೂ 5 ಬೇಕು. ನಾನು ಬೇರೆ ಹದದ ಲೋಹದ್ದನ್ನು ಸುಮ್ನೆ ತುಂಬಿಬಿಟ್ಟೆ, ಪರೀಕ್ಷೆಯಲ್ಲಿ ತಗಡು ಸೀಳಿ ಆಚೆ ಹೋಗಿದ್ದ ಚೂರು ಪರದೆಯ ಮೇಲೆ ತಗಡಿನಲ್ಲೇ ಸಿಕ್ಕಿಕೊಂಡಿತ್ತು. ಆಮೇಲೆ ಮೆಶ್, ಅಂದ್ರೆ ಲೆಕ್ಕಕ್ಕಾಗಿ ತಗಡನ್ನು ಎಲಿಮೆಂಟ್ ಎಂಬ ಪುಟ್ಟ ತುಂಡುಗಳಾಗಿ ಹಂಚಿದ ಬಲೆ! ಮುರಿದ ಎಲಿಮೆಂಟ್‌ಗಳನ್ನು ಅಳಿಸುತ್ತಾ ಹೋಗುವುದರಿಂದ, ಮೆಶ್ ಒರಟಾದರೆ ತೂತಿನ ಆಕಾರವೂ ಚೂರಿನ ಉಳಿದ ವೇಗವೂ ಬದಲಾಗುತ್ತವೆ. ಸಣ್ಣದು ಮಾಡಿದರೆ ಟೈಮ್ ಸ್ಟೆಪ್ (ಲೆಕ್ಕ ಒಂದೊಂದು ಸಲ ಮುಂದಿಡುವ ಸಮಯದ ಹೆಜ್ಜೆ) ಕುಗ್ಗಿ ರನ್ ಮುಗಿಯುವುದೇ ಇಲ್ಲ.

ತುಂಬಾ ಇಷ್ಟವಾಗಿದ್ದು ಅಂದ್ರೆ, ಮೊಂಡು ಚೂರು ಬಿಲ್ಲೆಯಂತೆ ಲೋಹ ಕತ್ತರಿಸಿ ತಳ್ಳುವುದು, ಚೂಪಾದದ್ದು ಹೂವಿನ ಎಸಳಿನಂತೆ ಸೀಳುವುದು, ಎರಡೂ ಕಣ್ಣಿಗೆ ಕಾಣುತ್ತವೆ. 1989ರಲ್ಲಿ ಡಿಸಿ-10 ವಿಮಾನದ ಫ್ಯಾನ್ ಡಿಸ್ಕ್ ಒಡೆದು, ಚೂರುಗಳು ಬಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆ ಹೋಗಿತ್ತಲ್ವಾ, ಇದನ್ನು ನೋಡುವಾಗ ಅದೇ ನೆನಪಾಗುತ್ತದೆ.

ಹೊಸಬರು ಮೊದಲು ಒಂದು ತಗಡು, ಒಂದು ಗುಂಡು ಇಟ್ಟು ಪರೀಕ್ಷೆಯ ಜೊತೆ ಹೋಲಿಸಿ. ಐದಕ್ಕೆ ನಾಲ್ಕು ಸ್ಟಾರ್.