ಪರಿಸರ ನಿಯಮ ಸಡಿಲವಾದಾಗ: ಎನ್‌ಜಿಟಿಯೋ, ಹೈಕೋರ್ಟೋ?

ನಿಮ್ಮ ತಕರಾರು ಸಡಿಲಿಸಿದ ನಿಯಮದ ಮೇಲೋ, ಆ ನಿಯಮದಡಿ ಒಂದು ಯೋಜನೆಗೆ ಸಿಕ್ಕ ಅನುಮತಿಯ ಮೇಲೋ? ಮೊದಲು ಇದು ಇತ್ಯರ್ಥವಾಗಲಿ.

ಅನುಮತಿಯ ಮೇಲಾದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದರೆ ಎನ್‌ಜಿಟಿ. ಕರ್ನಾಟಕದವರಿಗೆ ಚೆನ್ನೈನ ದಕ್ಷಿಣ ಪೀಠ. ನ್ಯಾಯಮೂರ್ತಿಗಳ ಜೊತೆ ವಿಷಯ ಪರಿಣತರೂ ಕೂರುವುದರಿಂದ, ಯೋಜನೆಯ ಪರಿಸರ ಪರಿಣಾಮ ವರದಿಯ ಅಂಕಿಅಂಶಗಳನ್ನು ಕೆದಕಿ ನೋಡಲು ಇದೇ ಸರಿಯಾದ ಜಾಗ. ವಕೀಲರಿಲ್ಲದೆ ನೀವೇ ವಾದಿಸಬಹುದು. ಹಲವರು ಎಡವುವುದು ಗಡುವಿನಲ್ಲಿ. ಮೇಲ್ಮನವಿಗೆ 30 ದಿನ, ಸಕಾರಣ ತೋರಿಸಿದರೆ ಇನ್ನೂ 60. ಅದೂ ಮೀರಿದರೆ ವಿಳಂಬ ಮನ್ನಿಸುವ ಅಧಿಕಾರವೇ ಮಂಡಳಿಗಿಲ್ಲ. ಆದ್ದರಿಂದ ಆದೇಶ ವೆಬ್‌ಸೈಟಿಗೆ ಏರಿದ ದಿನದ ಸ್ಕ್ರೀನ್‌ಶಾಟ್, ಪತ್ರಿಕಾ ಪ್ರಕಟಣೆ ಎರಡನ್ನೂ ತೆಗೆದಿಡಿ. ಇನ್ನೊಂದು ಎಚ್ಚರ: ಮಂಡಳಿ ವಿಚಾರಿಸಬಹುದಾದ ಕಾನೂನುಗಳ ಪಟ್ಟಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಇಲ್ಲ.

ನಿಯಮ ಸಡಿಲಿಸಿದ ಅಧಿಸೂಚನೆಯೇ ತಪ್ಪು ಎನ್ನುವುದಾದರೆ ಚೆನ್ನೈಗೆ ಹೋಗಿ ಕಾಲ ಕಳೆಯಬೇಡಿ; ಅದನ್ನು ರದ್ದುಪಡಿಸುವ ಅಧಿಕಾರ ಮಂಡಳಿಗಿಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ. ಸಾರ್ವಜನಿಕ ಅಹವಾಲಿನ ನೋಟಿಸ್ ಅವಧಿಯನ್ನು 30 ದಿನದಿಂದ 20ಕ್ಕೆ ಇಳಿಸಲು ಹೊರಟಿದ್ದ 2020ರ ಪರಿಸರ ಪರಿಣಾಮ ಅಧ್ಯಯನ ಕರಡು ಅಧಿಸೂಚನೆಯ ಅಂತಿಮ ಪ್ರಕಟಣೆಗೆ ಕರ್ನಾಟಕ ಹೈಕೋರ್ಟೇ ಆ ವರ್ಷದ ಆಗಸ್ಟ್‌ನಲ್ಲಿ ತಾತ್ಕಾಲಿಕ ತಡೆ ಕೊಟ್ಟಿತ್ತು. ಜನರ ಭಾಷೆಗಳಲ್ಲಿ ಕರಡು ತಲುಪಿಲ್ಲ ಎಂಬ ಸರಳ ವಾದಕ್ಕೆ ಅಲ್ಲಿ ಬಲ ಬಂತು. ಕರಡಿನ ಹಂತದಲ್ಲೇ ಹೋಗುವುದು ಮೇಲು ಎನ್ನುವುದು ಇದಕ್ಕೇ.

ಗೆದ್ದ ಮೇಲೂ ಗೆಲುವು ನಿಲ್ಲದಿರಬಹುದು. ಕೆಲಸ ಶುರುವಾದ ಮೇಲೆ ಪರಿಸರ ಅನುಮತಿ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದುಮಾಡಿತು. ನವೆಂಬರ್‌ನಲ್ಲಿ 2:1 ಬಹುಮತದಿಂದ ಆ ತೀರ್ಪನ್ನೇ ಹಿಂಪಡೆಯಿತು.